ಒಂದೇ ಉದ್ದದ ಎರಡು ಅಲ್ಯೂಮಿನಿಯಂ ದೋಣಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳ ಮೇಲೆ ಚಳಿಗಾಲವಿಡೀ ಕಟ್ಟಿದ್ದ ಮಂಜುಗಡ್ಡೆ ಏಪ್ರಿಲ್ ಹೊತ್ತಿಗೆ ಕರಗತೊಡಗಿದಂತೆ ಹಳೆಯ ಮೀನುಗಾರಿಕೆ ದೋಣಿಗಳ ಮಾರಾಟವೂ ಬಿರುಸಾಗುತ್ತದೆ. ಮೇ ತಿಂಗಳ ನಡುವೆ ವಾಲೈ ಮೀನಿನ ಋತು ಆರಂಭವಾಗುವಷ್ಟರಲ್ಲಿ ಒಳ್ಳೆಯ ದೋಣಿಗಳಲ್ಲಿ ಹೆಚ್ಚಿನವು ಕೈ ಬದಲಿಸಿರುತ್ತವೆ. ಈ ಗಡಿಬಿಡಿಯಲ್ಲಿ ಮೊದಲ ದೋಣಿಯನ್ನು ಹುಡುಕುವವರು, ಇಲ್ಲಿ ನೆಲೆಸಿ ಗಾಳದ ಹವ್ಯಾಸ ಹತ್ತಿಸಿಕೊಂಡ ಕನ್ನಡದ ಕುಟುಂಬಗಳೂ ಸೇರಿದಂತೆ, ಸಾಮಾನ್ಯವಾಗಿ ಒಂದೇ ಇಕ್ಕಟ್ಟಿಗೆ ಬಂದು ನಿಲ್ಲುತ್ತಾರೆ. ಮುಂದೆ ಎರಡು ದೋಣಿಗಳಿರುತ್ತವೆ. ಎರಡೂ 14 ಅಡಿ ಉದ್ದ, ಎರಡೂ ಅಲ್ಯೂಮಿನಿಯಂ, ಎರಡರ ತಳವೂ ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು, ಬೆಲೆಯಲ್ಲಿಯೂ ಹೇಳಿಕೊಳ್ಳುವಂಥ ಅಂತರವಿಲ್ಲ. ಬಣ್ಣ ಬೇರೆ, ಹೆಸರು ಬೇರೆ, ಮಿಕ್ಕಿದ್ದೆಲ್ಲ ಒಂದೇ ಎಂದು ಮಾರುವವರು ಹೇಳುತ್ತಾರೆ. ಈ ಮಾತನ್ನು ನಂಬಿ ಮೋಟರು ಹೊಸದಾಗಿರುವುದನ್ನೋ ಕುರ್ಚಿಗಳು ಮೆತ್ತಗಿರುವುದನ್ನೋ ಆರಿಸಿಕೊಳ್ಳುವುದು ಸುಲಭ. ಆದರೆ ಮೋಟರು, ಕುರ್ಚಿ, ಮೀನು ಪತ್ತೆ ಹಚ್ಚುವ ಪರದೆ ಇವೆಲ್ಲ ಮುಂದೆ ಬದಲಾಯಿಸಬಹುದಾದ ಸಾಮಾನುಗಳು. ದೋಣಿಯ ಅಗಲ, ಆಳ, ತಗಡಿನ ದಪ್ಪ ಇವನ್ನು ಬದಲಾಯಿಸಲು ಯಾರಿಂದಲೂ ಆಗದು. ಆದ್ದರಿಂದ ಒಡಲನ್ನು ಮೊದಲು ಆರಿಸಿ, ಅದರ ಮೇಲೆ ಕೂತಿರುವುದನ್ನು ಕೊನೆಗೆ ನೋಡಬೇಕೆಂಬುದು ಈ ಬರಹದ ನಿಲುವು.

ದೋಣಿಯನ್ನು ನೋಡಲು ಹೋಗುವ ಮುನ್ನವೇ ತೀರ್ಮಾನಿಸಬೇಕಾದ ಸಂಗತಿಯೊಂದಿದೆ: ಅದು ಯಾವ ನೀರಿನಲ್ಲಿ ತೇಲಬೇಕು, ಅದರಲ್ಲಿ ಎಷ್ಟು ಜನ ಕೂರಬೇಕು. ಸುತ್ತ ಮರಗಳಿಂದ ಮರೆಯಾದ ಸಣ್ಣ ಸರೋವರದಲ್ಲಿ ಇಬ್ಬರು ಕೂತು ಬಾಸ್ ಮೀನಿಗೆ ಗಾಳ ಹಾಕುವುದಕ್ಕೂ, ಮಿಲ್ ಲ್ಯಾಕ್ಸ್‌ನಂಥ ವಿಶಾಲ ಸರೋವರದ ನಡುವೆ ವಾಲೈ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮಿಲ್ ಲ್ಯಾಕ್ಸ್ ಸುಮಾರು 1,32,000 ಎಕರೆಗಳಷ್ಟು ಹರಡಿಕೊಂಡಿದ್ದರೂ ಅದರ ಅತಿ ಹೆಚ್ಚಿನ ಆಳ ಕೇವಲ 40 ಅಡಿಯ ಆಸುಪಾಸಿನದು. ಅಷ್ಟು ಅಗಲವಾದ ಆಳವಿಲ್ಲದ ನೀರಿನ ಮೇಲೆ ಗಾಳಿ ಬೀಸಿದಾಗ ಗಿಡ್ಡವಾದ, ಕಡಿದಾದ, ಒಂದರ ಬೆನ್ನಿಗೊಂದು ಬರುವ ಅಲೆಗಳು ಬೇಗ ಏಳುತ್ತವೆ. 14 ಅಡಿಯ ದೋಣಿಗೆ ಅಂಥ ದಿನ ಅಲ್ಲಿ ಕೆಲಸವಿಲ್ಲ; ಒಳ್ಳೆಯ ದಿನ ಹೋದರೂ ಗಾಳಿ ತಿರುಗಿದಾಗ ದಡ ಸೇರುವವರೆಗೆ ತಾಳಿಕೊಳ್ಳುವ ಆಳ ದೋಣಿಗಿರಬೇಕು. ಇತ್ತ ಉತ್ತರದ ಬೌಂಡರಿ ವಾಟರ್ಸ್ ಅರಣ್ಯ ಪ್ರದೇಶದಲ್ಲಿ ಬಹುಪಾಲು ನೀರಿಗೆ ಮೋಟರು ನಿಷಿದ್ಧ, ಅನುಮತಿಯಿರುವ ಕೆಲವೇ ಸರೋವರಗಳಲ್ಲಿ 10 ಅಥವಾ 25 ಅಶ್ವಶಕ್ತಿಯ ಮಿತಿಯಿದೆ. ಅಲ್ಲಿಗೆ ಹೋಗುವ ಆಸೆಯಿರುವವರು 40 ಅಶ್ವಶಕ್ತಿ ಹೊರಬಲ್ಲ ಭಾರದ ಒಡಲಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಈಗ ಅಳತೆಗಳ ವಿಚಾರ. ಉದ್ದವನ್ನು ಮರೆತು, ಅಳತೆಪಟ್ಟಿಯನ್ನು ಅಗಲಕ್ಕೆ ಹಿಡಿಯಬೇಕು. ಕರಪತ್ರಗಳಲ್ಲಿ ಅಚ್ಚಾಗುವ ಅಗಲವು ದೋಣಿಯ ಮೇಲಂಚಿನ ಅಗಲ. ದೋಣಿ ಅಲುಗಾಡದೆ ನಿಲ್ಲುವುದನ್ನು ನಿರ್ಧರಿಸುವುದು ನೀರಿನ ಮಟ್ಟದಲ್ಲಿರುವ ಅಗಲ. ಎರಡು ದೋಣಿಗಳ ಮೇಲಂಚು ಒಂದೇ ಅಗಲವಾಗಿದ್ದು, ಒಂದರ ಪಕ್ಕಗಳು ನೇರವಾಗಿ ಇಳಿದು, ಇನ್ನೊಂದರವು ಒಳಮುಖವಾಗಿ ವಾಲಿದ್ದರೆ, ಮೊದಲನೆಯದು ಹೆಚ್ಚು ಸ್ಥಿರವಾಗಿರುತ್ತದೆ. ಸ್ಥಿರತೆಯು ಅಗಲದ ಘನಕ್ಕೆ ಅನುಗುಣವಾಗಿ ಏರುವುದರಿಂದ ಇಲ್ಲಿ ಸಣ್ಣ ಅಂತರವೂ ದೊಡ್ಡ ಫಲ ಕೊಡುತ್ತದೆ: ನೀರಿನ ಮಟ್ಟದಲ್ಲಿ 48 ಅಂಗುಲವಿರುವ ದೋಣಿಗಿಂತ 54 ಅಂಗುಲವಿರುವುದು ಓಲಾಟವನ್ನು ಸುಮಾರು 40 ಶೇಕಡ ಹೆಚ್ಚು ಬಲದಿಂದ ಎದುರಿಸುತ್ತದೆ. ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಅಗಲದ ಈ ಶಕ್ತಿಯನ್ನು ವಿವರಿಸಬೇಕಾಗಿಲ್ಲ. ಉದ್ದವೆಂಬುದೇ ಇಲ್ಲದ ಆ ಬುಟ್ಟಿ ಅಷ್ಟು ಜನರನ್ನು ಹೊತ್ತು ನಿಲ್ಲುವುದು ಅಗಲದ ಬಲದಿಂದಲೇ. ಮಕ್ಕಳನ್ನು ಕರೆದುಕೊಂಡು ಹೋಗುವವರು, ಎದ್ದುನಿಂತು ಗಾಳ ಬೀಸುವವರು ಈ ಒಂದು ಅಳತೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುವುದು ಒಳ್ಳೆಯದು.

ಅಗಲದ ನಂತರ ಆಳ. ಇದನ್ನು ಎರಡು ಕಡೆ ಅಳೆಯಬೇಕು: ನಡುಭಾಗದಲ್ಲಿ ಮೇಲಂಚಿನಿಂದ ತಳದವರೆಗೆ ಒಮ್ಮೆ, ಹಿಂಬದಿಯಲ್ಲಿ ಮೋಟರು ಕೂರುವ ಹಲಗೆಯ ಮೇಲ್ತುದಿಯಿಂದ ತಳದವರೆಗೆ ಇನ್ನೊಮ್ಮೆ. ಟ್ರಾನ್ಸಮ್ ಎಂದು ಕರೆಯುವ ಈ ಹಿಂಬದಿಯ ಹಲಗೆ ಸಣ್ಣ ದೋಣಿಗಳಲ್ಲಿ ಸುಮಾರು 15 ಅಂಗುಲದ್ದು ಅಥವಾ ಸುಮಾರು 20 ಅಂಗುಲದ್ದು ಇರುತ್ತದೆ. ಹಠಾತ್ತನೆ ಮೋಟರು ನಿಧಾನಿಸಿದಾಗ ದೋಣಿಯ ಹಿಂದೆ ಎದ್ದ ಅಲೆಯೇ ಹಿಂಬದಿಯಿಂದ ಒಳನುಗ್ಗುವ ಅಪಾಯವಿರುವುದರಿಂದ, ತೆರೆದ ನೀರಿಗೆ ಹೋಗುವವರಿಗೆ 20 ಅಂಗುಲದ ಹಲಗೆ ನೆಮ್ಮದಿಯದು. ಸಣ್ಣ ಕೆರೆಯಲ್ಲಿ ಹುಟ್ಟು ಹಾಕುತ್ತಾ ಸಾಗುವವರಿಗೆ 15 ಅಂಗುಲದ ತಗ್ಗು ದೋಣಿಯೇ ಸಲೀಸು. ಎತ್ತರದ ಪಕ್ಕಗಳು ಗಾಳಿಗೆ ಪಟವಿದ್ದಂತೆ ಸಿಕ್ಕಿಬಿದ್ದು ದೋಣಿಯನ್ನು ಎಳೆದುಕೊಂಡು ಹೋಗುತ್ತವೆ, ಮುಂದುಗಡೆಯ ಸಣ್ಣ ವಿದ್ಯುತ್ ಮೋಟರು ಆಗ ದಣಿಯುತ್ತದೆ. ಯಾವುದನ್ನು ಆರಿಸಿದರೂ ಮೋಟರಿನ ಕಾಲು, ಅಂದರೆ ಹಲಗೆಯಿಂದ ನೀರಿಗೆ ಇಳಿಯುವ ಅದರ ಕೆಳಭಾಗ, ಹಲಗೆಗೆ ಹೊಂದಬೇಕು. 15 ಅಂಗುಲದ ಹಲಗೆಗೆ ಉದ್ದ ಕಾಲಿನ ಮೋಟರನ್ನು ಕಟ್ಟಿದರೆ ಅದು 5 ಅಂಗುಲ ಹೆಚ್ಚು ಮುಳುಗಿ ವೇಗವನ್ನು ತಿನ್ನುತ್ತದೆ, ಕಲ್ಲಿಗೂ ತಾಗುತ್ತದೆ. 20 ಅಂಗುಲದ ಹಲಗೆಗೆ ಗಿಡ್ಡ ಕಾಲಿನದನ್ನು ಕಟ್ಟಿದರೆ ಪ್ರೊಪೆಲ್ಲರು ನೀರಿಗೆ ಬದಲು ಗಾಳಿಯನ್ನು ಹಿಡಿಯುತ್ತದೆ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ ಅಥವಾ ಅದಕ್ಕಿಂತ ಒಂದಂಗುಲದೊಳಗೆ ಕೆಳಗಿದ್ದರೆ ಜೋಡಿ ಸರಿಯಾಗಿದೆಯೆಂದು ತಿಳಿಯಬಹುದು. ಹಳೆಯ ದೋಣಿಗಳ ಮಾರಾಟದಲ್ಲಿ ಬೇರೆಲ್ಲಿಂದಲೋ ತಂದ ಮೋಟರನ್ನು ಕಟ್ಟಿಕೊಟ್ಟಿರುವುದು ಸಾಮಾನ್ಯ; ಈ ಒಂದು ನೋಟದಿಂದ ಅದು ಹೊರಬೀಳುತ್ತದೆ.

ತಳದ ವಿ ಆಕಾರ ಎಷ್ಟು ಚೂಪಾಗಿದೆ ಎಂಬುದನ್ನು ಕೋನದಲ್ಲಿ ಹೇಳುತ್ತಾರೆ. ಮುಂದುಗಡೆ ಚೂಪಾಗಿರುವ ತಳ ಅಲೆಯನ್ನು ಸೀಳುತ್ತದೆ, ಹಿಂದುಗಡೆ ಚಪ್ಪಟೆಯಾಗಿರುವ ತಳ ನಿಂತ ನೀರಿನಲ್ಲಿ ಓಲಾಡದೆ ಕೂರುತ್ತದೆ ಮತ್ತು ಕಡಿಮೆ ಶಕ್ತಿಯ ಮೋಟರಿನಿಂದಲೇ ನೀರಿನ ಮೇಲೆ ಜಾರತೊಡಗುತ್ತದೆ. 14 ಅಡಿಯ ದೋಣಿಗಳಲ್ಲಿ ಬಹುತೇಕ ಎಲ್ಲವೂ ಇವೆರಡರ ನಡುವಿನ ರಾಜಿ. ತೀರಾ ಚಪ್ಪಟೆ ತಳದ ಜಾನ್ ದೋಣಿ ಬೇರೆಯೇ ಜಾತಿ. ಅದರ ಹೆಸರಿನಲ್ಲೇ ಅಳತೆಯಿರುತ್ತದೆ, 1448 ಎಂದರೆ 14 ಅಡಿ ಉದ್ದ, ತಳ 48 ಅಂಗುಲ ಅಗಲ. ಆ ಜಾತಿಯಲ್ಲಿ 1436 ಮತ್ತು 1448 ನಡುವೆ ಆರಿಸುವ ಪ್ರಶ್ನೆ ಬಂದರೆ, ಮನೆಯ ಜಾಗ ಇಕ್ಕಟ್ಟಾಗಿದ್ದ ಹೊರತು, ಎರಡನೆಯದನ್ನೇ ಕೊಳ್ಳಬೇಕು.

ದೋಣಿಯ ಒಳಗೆ ಹಿಂಬದಿಯಲ್ಲಿಯೋ ಪಕ್ಕದಲ್ಲಿಯೋ ಅಂಟಿಸಿದ ಹಳದಿ ಅಥವಾ ಬೆಳ್ಳಿಯ ಬಣ್ಣದ ಸಾಮರ್ಥ್ಯ ಫಲಕವನ್ನು ಹೆಚ್ಚಿನವರು ಜನರ ಸಂಖ್ಯೆಗಾಗಿ ಮಾತ್ರ ಓದುತ್ತಾರೆ. ಅಮೆರಿಕದ ಕರಾವಳಿ ಕಾವಲು ಪಡೆಯ ನಿಯಮದಂತೆ 1972ರ ನವೆಂಬರಿನಿಂದ ಈಚೆಗೆ ತಯಾರಾದ, 20 ಅಡಿಗಿಂತ ಚಿಕ್ಕದಾದ, ಒಂದೇ ಒಡಲಿನ ಮೋಟರು ದೋಣಿಗಳಲ್ಲಿ ಈ ಫಲಕ ಇರಲೇಬೇಕು. ಅದರಲ್ಲಿ ಮೂರು ಸಂಗತಿಗಳಿರುತ್ತವೆ: ಎಷ್ಟು ಜನ ಅಥವಾ ಎಷ್ಟು ಪೌಂಡ್ ಜನಭಾರ, ಮೋಟರು ಮತ್ತು ಸಾಮಾನುಗಳೂ ಸೇರಿದ ಒಟ್ಟು ಭಾರ, ಗರಿಷ್ಠ ಅಶ್ವಶಕ್ತಿ. ಎರಡು ದೋಣಿಗಳನ್ನು ಹೋಲಿಸುವಾಗ ನೋಡಬೇಕಾದ್ದು ನಡುವಿನ ಅಂಕಿ. ಒಟ್ಟು ಭಾರ 900 ಪೌಂಡ್ ಎಂದು ಬರೆದಿದೆಯೆನ್ನೋಣ. 180 ಪೌಂಡ್ ತೂಗುವ ಮೂವರು ಕೂತರೆ 540 ಆಯಿತು. 25 ಅಶ್ವಶಕ್ತಿಯ ಇಂದಿನ ಫೋರ್-ಸ್ಟ್ರೋಕ್ ಮೋಟರು ಸುಮಾರು 130, ಬ್ಯಾಟರಿ 60, 6 ಗ್ಯಾಲನ್ ತೊಟ್ಟಿಯ ಪೆಟ್ರೋಲು 40, ಮುಂದಿನ ವಿದ್ಯುತ್ ಮೋಟರು 35, ಲಂಗರು, ಗಾಳದ ಪೆಟ್ಟಿಗೆ, ಮಂಜುಗಡ್ಡೆಯ ಡಬ್ಬ, ಬುತ್ತಿ ಎಲ್ಲ ಸೇರಿ 80. ಒಟ್ಟು 885. ಫಲಕದಲ್ಲಿ ನಾಲ್ವರಿಗೆ ಅವಕಾಶವಿದೆಯೆಂದು ಬರೆದಿದ್ದರೂ ಮೂವರಲ್ಲಿಯೇ ದೋಣಿ ತುಂಬಿತು. ಫಲಕವಿಲ್ಲದ ತೀರಾ ಹಳೆಯ ದೋಣಿಯಾದರೆ ಉದ್ದ ಮತ್ತು ಅಗಲವನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿದರೆ ತಲಾ 150 ಪೌಂಡಿನ ಎಷ್ಟು ಜನರನ್ನು ಅದು ಹೊರಬಲ್ಲದೆಂಬ ಅಂದಾಜು ಸಿಗುತ್ತದೆ.

ಅಶ್ವಶಕ್ತಿಯ ಅಂಕಿಯ ಹಿಂದೆ ಇನ್ನೂ ಸ್ವಾರಸ್ಯವಾದ ಲೆಕ್ಕವಿದೆ, ಮತ್ತು ಒಂದೇ ಅಳತೆಯ ಎರಡು ದೋಣಿಗಳಿಗೆ ಬೇರೆ ಬೇರೆ ಮಿತಿ ಏಕಿದೆ ಎಂಬುದು ಅದರಿಂದಲೇ ತಿಳಿಯುತ್ತದೆ. ದೋಣಿಯ ಉದ್ದವನ್ನು ಹಿಂಬದಿಯ ಹಲಗೆಯ ಅಗಲದಿಂದ, ಎರಡೂ ಅಡಿಗಳಲ್ಲಿ, ಗುಣಿಸುತ್ತಾರೆ. 14 ಅಡಿಯ ದೋಣಿಗೆ 5 ಅಡಿ ಅಗಲದ ಹಲಗೆಯಿದ್ದರೆ 70 ಬರುತ್ತದೆ. ಮೋಟರಿನ ಹಿಡಿಯನ್ನು ನೇರವಾಗಿ ಕೈಯಲ್ಲಿ ಹಿಡಿದು ನಡೆಸುವ ವಿ ತಳದ ದೋಣಿಗೆ ಈ 70ರ ಹತ್ತನೇ ಎಂಟು ಭಾಗದಿಂದ 25 ಕಳೆದರೆ 31 ಉಳಿಯುತ್ತದೆ, ಅದನ್ನು ಐದರ ಮುಂದಿನ ಗುಣಕವಾದ 35ಕ್ಕೆ ಏರಿಸಲು ಅವಕಾಶವಿದೆ. ಅದೇ ಅಳತೆಯ ದೋಣಿಗೆ ಸ್ಟೀರಿಂಗ್ ಚಕ್ರವೂ 20 ಅಂಗುಲದ ಹಲಗೆಯೂ ಇದ್ದರೆ 70ರ ಎರಡರಷ್ಟರಿಂದ 90 ಕಳೆದು 50 ಬರುತ್ತದೆ. ಚಪ್ಪಟೆ ತಳದ, ಚೂಪು ಮೂಲೆಗಳ, ಕೈಹಿಡಿಯ ದೋಣಿಯಾದರೆ 70ರ ಅರ್ಧದಿಂದ 15 ಕಳೆದು 20ಕ್ಕೆ ನಿಲ್ಲುತ್ತದೆ. ತಯಾರಕರು ಇದಕ್ಕಿಂತ ಕಡಿಮೆಯನ್ನು ನಮೂದಿಸಬಹುದು. ಹೀಗಾಗಿ ಒಂದರ ಫಲಕದಲ್ಲಿ 25 ಎಂದೂ ಇನ್ನೊಂದರಲ್ಲಿ 35 ಎಂದೂ ಕಂಡರೆ ಎರಡನೆಯದರ ಲೋಹ ಗಟ್ಟಿಯಾಗಿದೆ ಎಂದು ತೀರ್ಮಾನಿಸಬಾರದು. ಹೆಚ್ಚಿನ ಸಲ ಅದರ ಹಿಂಬದಿ ಅಗಲವಾಗಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆ ಅಗಲ ಹೇಗಿದ್ದರೂ ಬೇಕಾದದ್ದೇ.

ಲೋಹದ ವಿಷಯದಲ್ಲಿ ಮಾರಾಟದ ಮಾತುಗಳೇ ಹೆಚ್ಚು. ಈ ದೋಣಿಗಳ ತಗಡು ಬಹುಮಟ್ಟಿಗೆ 5052 ಎಂಬ ಮಿಶ್ರಲೋಹ. ಅದರಲ್ಲಿ ಸುಮಾರು ಎರಡೂವರೆ ಶೇಕಡ ಮೆಗ್ನೀಸಿಯಂ ಇರುತ್ತದೆ, ಸವೆತವನ್ನು ಅದು ಚೆನ್ನಾಗಿ ತಡೆಯುತ್ತದೆ. ಎರಡೂ ದೋಣಿಗಳು ಅದರಿಂದಲೇ ಆಗಿದ್ದರೆ ಕೇಳಬೇಕಾದ್ದು ತಗಡಿನ ದಪ್ಪ, ಅದೂ ತಳದ್ದು. ಒಂದಂಗುಲದ ಸಾವಿರದ 80 ಭಾಗದ ತಗಡಿಗೂ 100 ಭಾಗದ್ದಕ್ಕೂ ಕೈಗೆ ವ್ಯತ್ಯಾಸ ತಿಳಿಯದು. ಆದರೆ ಬಾಗುವಿಕೆಯನ್ನು ತಡೆಯುವ ಬಿಗುವು ದಪ್ಪದ ಘನದಂತೆ ಏರುವುದರಿಂದ ಎರಡನೆಯದು ಹೆಚ್ಚುಕಡಿಮೆ ಎರಡರಷ್ಟು ಬಿಗಿಯಾಗಿರುತ್ತದೆ, ಇದಕ್ಕಾಗಿ 14 ಅಡಿಯ ದೋಣಿಯ ತಳ ತೆರುವ ತೂಕ ಇಪ್ಪತ್ತು ಪೌಂಡನ್ನೂ ಮುಟ್ಟುವುದಿಲ್ಲ. ಕಲ್ಲುಗಳಿರುವ ದಡಕ್ಕೆ ದೋಣಿಯನ್ನು ಎಳೆದುಕೊಳ್ಳುವವರಿಗೆ ಇದು ಒಳ್ಳೆಯ ವ್ಯಾಪಾರ. ದಪ್ಪದ ಜೊತೆಗೆ ತಳದ ಅಡ್ಡಪಟ್ಟಿಗಳು ಎಷ್ಟು ಹತ್ತಿರವಿವೆ ಎಂಬುದನ್ನೂ ನೋಡಬೇಕು, ಏಕೆಂದರೆ ದೂರದೂರ ಪಟ್ಟಿಗಳಿರುವ ದಪ್ಪ ತಗಡಿಗಿಂತ ಹತ್ತಿರಹತ್ತಿರ ಪಟ್ಟಿಗಳಿರುವ ತೆಳು ತಗಡು ಕೆಲವೊಮ್ಮೆ ಮೇಲು.

ರಿವೆಟ್ ಹೊಡೆದ ದೋಣಿ ಮೇಲೋ ವೆಲ್ಡ್ ಮಾಡಿದ್ದು ಮೇಲೋ ಎಂಬ ವಾದ ಈ ರಾಜ್ಯದಲ್ಲಿ ಎಂದೂ ಮುಗಿಯದು, ಅದಕ್ಕೆ ಕಾರಣವೂ ಇದೆ. ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ 1948ರಲ್ಲಿ ಹೊವರ್ಡ್ ಲುಂಡ್ ಆರಂಭಿಸಿದ ಲುಂಡ್ ಕಂಪನಿ ರಿವೆಟಿನ ದೋಣಿಗಳಿಗೆ ಹೆಸರಾಯಿತು. ಲಿಟ್ಲ್ ಫಾಲ್ಸ್‌ನಲ್ಲಿ ಬೆಳೆದ ಕ್ರೆಸ್ಟ್‌ಲೈನರ್ ವೆಲ್ಡಿಂಗಿಗೆ ಹೆಸರಾಯಿತು. ಸೇಂಟ್ ಪೀಟರ್‌ನ ಅಲ್ಯೂಮಾಕ್ರಾಫ್ಟ್ ಮತ್ತೆ ರಿವೆಟಿನದು. ಈಗ ಲುಂಡ್, ಕ್ರೆಸ್ಟ್‌ಲೈನರ್ ಎರಡೂ ಬ್ರನ್ಸ್‌ವಿಕ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ, ಅಲ್ಯೂಮಾಕ್ರಾಫ್ಟ್ ದೋಣಿಗಳ ತಯಾರಿಕೆ 2020ರಲ್ಲಿ ಆರ್ಕನ್ಸಾಗೆ ಹೋಯಿತು. ವಾದ ಮಾತ್ರ ಇಲ್ಲಿಯೇ ಉಳಿದಿದೆ. ವೆಲ್ಡ್ ಮಾಡಿದ ಕೀಲು ಸೋರುವುದು ಅಪರೂಪ, ಆದರೆ ಕಾವಿನಿಂದ ಮೆತ್ತಗಾದ ವೆಲ್ಡಿನ ಪಕ್ಕದ ಲೋಹ ವರ್ಷಗಟ್ಟಲೆ ಬಡಿತ ತಿಂದು ಬಿರುಕುಬಿಟ್ಟರೆ ತೆಳು ಅಲ್ಯೂಮಿನಿಯಂ ಬೆಸೆಯಬಲ್ಲ ನುರಿತ ಕೈಯನ್ನು ಹುಡುಕಬೇಕಾಗುತ್ತದೆ. ರಿವೆಟಿನ ಕೀಲು ಕಾಲಾನಂತರ ಸಡಿಲವಾಗುತ್ತದೆ, ಆದರೆ ಅದನ್ನು ಮನೆಯಂಗಳದಲ್ಲಿ ಸುತ್ತಿಗೆಯಿಂದಲೇ ಬಿಗಿ ಮಾಡಬಹುದು. ಹೊಸದನ್ನು ಕೊಳ್ಳುವವರು ಈ ವಾದಕ್ಕೆ ಕಿವಿಗೊಡದೆ ಹತ್ತಿರದ ಮಾರಾಟಗಾರರಲ್ಲಿ ಯಾರು ಒಳ್ಳೆಯವರೋ ಅವರ ಬ್ರಾಂಡನ್ನು ಕೊಂಡರೆ ಸಾಕು. ಹಳೆಯದನ್ನು ಕೊಳ್ಳುವವರಿಗೆ, ಕೈಕೆಲಸ ಬರುವುದಾದರೆ, ರಿವೆಟಿನದು ಅಗ್ಗದಲ್ಲಿ ಸುಧಾರಿಸುತ್ತದೆ.

ಹಳೆಯ ದೋಣಿಗಳೆರಡರ ನಡುವೆ ಆರಿಸುವಾಗ ಕೊನೆಯ ಮಾತು ಅಳತೆಪಟ್ಟಿಯದಲ್ಲ, ಕೊಳೆತದ್ದು. ಅಲ್ಯೂಮಿನಿಯಂ ಕೊಳೆಯುವುದಿಲ್ಲ, ಆದರೆ ಹಿಂಬದಿಯ ಹಲಗೆಯ ಒಳಗಿರುವ ಪ್ಲೈವುಡ್ ಕೊಳೆಯುತ್ತದೆ. ಮೋಟರನ್ನು ಬಿಗಿದ ಬೋಲ್ಟುಗಳ ತೂತಿನಿಂದ ಇಳಿದ ನೀರು ವರ್ಷಗಟ್ಟಲೆ ಒಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ, ಮರದ ಪದರಗಳನ್ನು ಬಿಡಿಸಿಹಾಕುತ್ತದೆ. ಪರೀಕ್ಷೆ ಸರಳವಾಗಿದೆ. ಮೋಟರು ಹಲಗೆಯ ಮೇಲಿರುವಾಗ ಅದರ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಬೇಕು, ಇನ್ನೊಬ್ಬರು ಹಲಗೆಯ ಮೇಲಂಚನ್ನು ಗಮನಿಸಬೇಕು. ಮೋಟರಿನ ಜೊತೆ ಹಲಗೆಯೂ ಬಾಗಿದರೆ ಮರ ಹೋಗಿದೆ. ಆಮೇಲೆ ಸುತ್ತಿಗೆಯ ಹಿಡಿಯಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಹೋಗಬೇಕು. ಗಟ್ಟಿ ಮರದ ಸದ್ದು ಒಂದೆಡೆ ಮಂಕಾದರೆ ಅಲ್ಲಿ ಚೂಪಾದ ದಬ್ಬಳದಿಂದ ಬೋಲ್ಟಿನ ತೂತಿನ ಅಂಚನ್ನು ಚುಚ್ಚಿ ನೋಡಬೇಕು. ಕೊಳೆತ ಹಲಗೆಯನ್ನು ಬದಲಾಯಿಸಬಹುದು, ಅದು ಎರಡು ವಾರಾಂತ್ಯಗಳ ಕೆಲಸ, ಆದರೆ ಬೆಲೆಯಲ್ಲಿ ಅದು ಕಡಿತವಾಗಬೇಕು. ಯಾರಾದರೂ ಈಗಾಗಲೇ ಬದಲಾಯಿಸಿದ್ದರೆ ಯಾವ ಮರ ಹಾಕಿದ್ದಾರೆಂದು ಕೇಳುವುದು ಅಗತ್ಯ. ಹೊರಾಂಗಣಕ್ಕೆಂದು ಅಂಗಡಿಗಳಲ್ಲಿ ಸಿಗುವ, ತಾಮ್ರದ ಲವಣ ಕುಡಿಸಿದ ಹಸಿರು ಛಾಯೆಯ ಮರವನ್ನು ಅಲ್ಯೂಮಿನಿಯಂಗೆ ಒತ್ತಿ ಇಟ್ಟು ನೀರು ತಾಗಿಸಿದರೆ ಆ ತಾಮ್ರವು ಲೋಹವನ್ನೇ ತಿನ್ನುತ್ತದೆ. ಎಪಾಕ್ಸಿ ಬಳಿದ ಸಾದಾ ಮೆರೈನ್ ಪ್ಲೈವುಡ್ಡೇ ಸರಿಯಾದದ್ದು. ಹಸಿರು ಮರ ಹಾಕಿದ ದೋಣಿಯನ್ನು, ಎಷ್ಟೇ ಹೊಳೆಯುತ್ತಿದ್ದರೂ, ನಾನಾಗಿದ್ದರೆ ಮುಟ್ಟುವುದಿಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಕೊಳೆತ ಆಸನಗಳ ಮತ್ತು ನೆಲದ ಕೆಳಗಿನ ಫೋಮಿನದು. 20 ಅಡಿಯೊಳಗಿನ ಮೋಟರು ದೋಣಿಯಲ್ಲಿ ನೀರು ತುಂಬಿದರೂ ಅದು ತಲೆಕೆಳಗಾಗದೆ ಮಟ್ಟವಾಗಿ ತೇಲಬೇಕೆಂಬ ನಿಯಮಕ್ಕಾಗಿ ತುಂಬಿದ ಫೋಮು ಇದು. ವರ್ಷಗಟ್ಟಲೆ ಮಳೆಯಲ್ಲಿ ಮುಚ್ಚದೆ ಬಿಟ್ಟ ದೋಣಿಯಲ್ಲಿ ಅದು ನೀರನ್ನು ಹೀರಿ ಕಲ್ಲಾಗುತ್ತದೆ. ಒಂದು ಘನ ಅಡಿ ನೀರು 62 ಪೌಂಡಿಗಿಂತ ಹೆಚ್ಚು ತೂಗುವುದರಿಂದ ಮೂರ್ನಾಲ್ಕು ಘನ ಅಡಿ ನೀರು ಸೇರಿದರೆ ದೋಣಿಯಲ್ಲಿ ಸದಾ ಇನ್ನೊಬ್ಬರು ಕೂತಂತೆಯೇ. ಕಂಡುಹಿಡಿಯಲು ತೂಕಕ್ಕಿಂತ ಒಳ್ಳೆಯ ದಾರಿಯಿಲ್ಲ. ಲಾರಿಗಳ ತೂಕದ ಸೇತುವೆಯ ಮೇಲೆ ಟ್ರೇಲರ್ ಸಮೇತ ನಿಲ್ಲಿಸಿ, ಟ್ರೇಲರಿನ ಮತ್ತು ಮೋಟರಿನ ತೂಕವನ್ನು ಕಳೆದು, ತಯಾರಕರು ಹೇಳಿದ ಒಡಲಿನ ತೂಕಕ್ಕೆ ಹೋಲಿಸಬೇಕು. ಮಾರುವವರು ಅಷ್ಟು ದೂರ ಬರಲೊಪ್ಪದಿದ್ದರೆ ಆಸನದ ಪಕ್ಕದ ಒಂದು ಸ್ಕ್ರೂ ಬಿಚ್ಚಿ ತಂತಿಯಿಂದ ಕೆದಕಿ, ತೇವವಿದೆಯೇ ಎಂದು ನೋಡಬಹುದು. ಹಳೆಯ ದೋಣಿಗಳ ಅಡ್ಡ ಆಸನಗಳನ್ನು ಕಿತ್ತು ವಿಶಾಲವಾದ ಮರದ ಕಟ್ಟೆ ಕಟ್ಟಿದ್ದರೆ ಮೆಚ್ಚಿ ಮರುಳಾಗಬಾರದು: ಆ ಆಸನಗಳೇ ಪಕ್ಕಗಳನ್ನು ಬಿಗಿದು ಹಿಡಿದವು, ಆ ಆಸನಗಳ ಒಳಗೇ ತೇಲಿಸುವ ಫೋಮಿತ್ತು, ಮತ್ತು ಕಟ್ಟೆಯ ಮೇಲೆ ನಿಂತವರ ಭಾರ ಈಗ ಹಿಂದಿಗಿಂತ ಮೇಲಿದೆ.

ಸೋರಿಕೆಯನ್ನು ಒಣನೆಲದಲ್ಲಿಯೇ ನೋಡಬಹುದು. ದೋಣಿಯನ್ನು ಟ್ರೇಲರಿನ ಮೇಲೆ ಬಿಟ್ಟು, ಹಿಂಬದಿಯಲ್ಲಿ ನೀರು ಹೊರಬಿಡುವ ತೂತಿಗೆ ಬಿರಡೆ ಹಾಕಿ, ಒಳಗೆ ಎರಡು ಮೂರು ಅಂಗುಲ ನೀರು ಬಿಡಬೇಕು. ಒಂದು ಗ್ಯಾಲನ್ ನೀರು ಎಂಟು ಪೌಂಡಿಗೂ ಹೆಚ್ಚು ತೂಗುವುದರಿಂದ ಅದಕ್ಕಿಂತ ಹೆಚ್ಚು ತುಂಬಿದರೆ ಟ್ರೇಲರಿಗೂ ಒಡಲಿಗೂ ಹಿಂಸೆ. ಹೊರಗಿನಿಂದ ತೊಟ್ಟಿಕ್ಕುವ ರಿವೆಟುಗಳಿಗೆ ಗುರುತು ಹಾಕಬೇಕು. ನಾಲ್ಕೈದು ರಿವೆಟುಗಳಿಂದ ಹನಿ ಬಿದ್ದರೆ ಚಿಂತಿಸಬೇಕಾಗಿಲ್ಲ, ತಳದ ನಡುಕೀಲಿನುದ್ದಕ್ಕೂ ಸಾಲಾಗಿ ಒಸರಿದರೆ ಆ ದೋಣಿ ಬಹಳ ಬಡಿತ ತಿಂದಿದೆ. ಸುತ್ತ ಕಪ್ಪು ಗೆರೆ ಬಳಿದಂತಿರುವ ರಿವೆಟು ಅಲುಗಾಡುತ್ತಿದೆಯೆಂದು ಅರ್ಥ. ಯಾರೋ ಮೂಲ ಗಟ್ಟಿ ರಿವೆಟಿನ ಬದಲು ನಡುವೆ ತೂತಿರುವ ಸಾದಾ ಪಾಪ್ ರಿವೆಟನ್ನು ನೀರಿನ ಮಟ್ಟದ ಕೆಳಗೆ ಹೊಡೆದಿದ್ದರೆ ಅದನ್ನು ತೆಗೆದು ಸರಿಯಾದದ್ದನ್ನು ಹಾಕಬೇಕಾಗುತ್ತದೆ. ಇನ್ನು ತಗ್ಗುಗಳು: ಮುಂಭಾಗದಲ್ಲಿರುವುವು ಬಹುಮಟ್ಟಿಗೆ ಅಂದಕ್ಕೆ ಮಾತ್ರ ಕುಂದು. ಹಿಂದಿನ ಮೂರನೇ ಒಂದು ಭಾಗದ ತಳದಲ್ಲಿ, ದೋಣಿ ವೇಗವಾಗಿ ಹೋಗುವಾಗ ನೀರಿಗೆ ತಾಗಿಯೇ ಉಳಿಯುವ ಭಾಗವದು, ತಗ್ಗೋ ಒಳಬಾಗುವಿಕೆಯೋ ಇದ್ದರೆ ದೋಣಿ ನೆಟ್ಟಗೆ ಓಡುವುದಿಲ್ಲ. ಸರಿಯಾದ ಆಧಾರವಿಲ್ಲದ ಟ್ರೇಲರಿನ ಮೇಲೆ ವರ್ಷಗಟ್ಟಲೆ ನಿಂತ ದೋಣಿಗೆ ಇದು ಬರುತ್ತದೆ. ಹಿಂದೆ ಮೊಣಕಾಲೂರಿ ಕೂತು ಒಂದು ಕಣ್ಣು ಮುಚ್ಚಿ ತಳದುದ್ದಕ್ಕೂ ನೋಡಿದರೆ ಕಾಣುತ್ತದೆ. ಬಿರುಕುಗಳನ್ನು ಅಡ್ಡಪಟ್ಟಿಗಳ ತುದಿಯಲ್ಲಿ, ಹಿಂಬದಿಯ ಮೂಲೆಗಳಲ್ಲಿ ಹುಡುಕಬೇಕು.

ಇವೆಲ್ಲ ಆದ ಮೇಲೂ ಎರಡು ದೋಣಿಗಳು ಸಮ ಎನಿಸಿದರೆ, ನೀರಿಗೆ ಇಳಿಸಿ ನೋಡದೆ ತೀರ್ಮಾನಿಸಬಾರದು, ಅದೂ ಸಾಧ್ಯವಾದರೆ ಸ್ವಲ್ಪ ಗಾಳಿಯಿರುವ ದಿನ. ಇಬ್ಬರು ಕೂತು, ಮೋಟರು ನಿಂತಿರುವಾಗ ಒಬ್ಬರು ಒಂದು ಪಕ್ಕಕ್ಕೆ ಸರಿದು ನಿಲ್ಲಲಿ; ಮೇಲಂಚು ನೀರಿಗೆ ಎಷ್ಟು ಹತ್ತಿರ ಬಂದಿತು, ಬಂದು ಅಲ್ಲಿಯೇ ನಿಂತಿತೇ ಅಥವಾ ಇನ್ನೂ ಇಳಿಯುತ್ತಾ ಹೋಯಿತೇ ಎಂಬುದು ಮುಖ್ಯ. ಓಡುವಾಗ ನೀರಿನ ಮೇಲೇರಿ ಜಾರಲು ಎಷ್ಟು ಹೊತ್ತು ಬೇಕಾಯಿತು, ಅಲೆಗೆ ಎದುರಾಗಿ ಹೋದಾಗ ಸಿಡಿದ ನೀರು ಹೊರಕ್ಕೆ ಬಿತ್ತೋ ಮಡಿಲಿಗೆ ಬಿತ್ತೋ, ಮೂತಿ ಮೇಲೆ ಕೆಳಗೆ ಕುಣಿಯುತ್ತಿದೆಯೇ ಎಂಬುದನ್ನು ಗಮನಿಸಬೇಕು. ಕುಣಿತ ಹೆಚ್ಚಿನ ಸಲ ಭಾರವೆಲ್ಲ ಹಿಂದಿರುವುದರಿಂದ ಬರುತ್ತದೆ. ಪೆಟ್ರೋಲಿನ ತೊಟ್ಟಿ ಮತ್ತು ಬ್ಯಾಟರಿಯನ್ನು ಮುಂದಕ್ಕೆ ಸರಿಸಿದಾಗ ನಿಂತರೆ ಅದು ದೋಣಿಯ ದೋಷವಲ್ಲ.

ಟ್ರೇಲರನ್ನು ಜನ ಉಚಿತವಾಗಿ ಬಂದ ಸಾಮಾನೆಂದು ಭಾವಿಸುತ್ತಾರೆ, ಆದರೆ ಇತರ ಎಲ್ಲದರಲ್ಲೂ ಸಮನಾದ ಎರಡು ದೋಣಿಗಳ ನಡುವೆ ತೀರ್ಪು ಕೊಡಬೇಕಾದ್ದು ಅದೇ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಮೇಲ್ಮೈಯ ಗೀರುಗಳು ಸವೆಯದಿದ್ದರೂ ಹತ್ತು ವರ್ಷದ ಹಿಂದಿನ ಟೈರು ಬದಲಾಗಬೇಕಾದದ್ದು. ಚಕ್ರವನ್ನು ನೆಲದಿಂದೆತ್ತಿ ತಿರುಗಿಸಿ ಬೇರಿಂಗಿನ ಸದ್ದು ಕೇಳಬೇಕು, ದೀಪಗಳನ್ನು ಹೊತ್ತಿಸಬೇಕು, ದೋಣಿ ಕೂರುವ ಮರದ ದಿಂಬುಗಳು ಹಿಂಬದಿಯ ಹಲಗೆಯವರೆಗೆ ಚಾಚಿವೆಯೇ ಎಂದು ನೋಡಬೇಕು. ಕಾರು ಎಷ್ಟು ಎಳೆಯಬಲ್ಲದು ಎಂಬುದನ್ನು ಅದರ ಕೈಪಿಡಿಯಲ್ಲಿ ಓದದೆ ದೋಣಿಗೆ ಮುಂಗಡ ಕೊಡಬಾರದು, ಏಕೆಂದರೆ ಅಮೆರಿಕದಲ್ಲಿ ಮಾರಾಟವಾಗುವ ಅನೇಕ ಸಣ್ಣ ಕಾರುಗಳಿಗೆ ಎಳೆಯುವ ಅನುಮತಿಯನ್ನೇ ತಯಾರಕರು ಕೊಟ್ಟಿರುವುದಿಲ್ಲ. ಒಟ್ಟು ಭಾರದ ಹತ್ತರಿಂದ ಹದಿನೈದು ಶೇಕಡ ಕೊಂಡಿಯ ಮೇಲೆ ಬೀಳುವಂತೆ ದೋಣಿಯನ್ನು ಟ್ರೇಲರಿನ ಮೇಲೆ ಕೂರಿಸಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರು ಬಾಲ ಬೀಸುತ್ತದೆ.

ಕಾಗದಪತ್ರಗಳ ವಿಷಯ ಚಿಕ್ಕದು. ಹಿಂಬದಿಯ ಹಲಗೆಯ ಬಲಮೂಲೆಯ ಹೊರಮೈಯಲ್ಲಿ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಒಡಲಿನ ಸಂಖ್ಯೆಯಿರುತ್ತದೆ. 1984ರ ನಂತರದ ದೋಣಿಗಳಲ್ಲಿ ಅದರ ಕೊನೆಯ ಎರಡು ಅಂಕಿಗಳು ಮಾದರಿಯ ವರ್ಷವನ್ನು ತಿಳಿಸುತ್ತವೆ, ಹಾಗಾಗಿ ಮಾರುವವರು ಹೇಳಿದ ವರ್ಷವನ್ನು ಅಲ್ಲಿಯೇ ತಾಳೆ ನೋಡಬಹುದು. ಮಿನ್ನೆಸೋಟದಲ್ಲಿ 16 ಅಡಿ ಅಥವಾ ಅದಕ್ಕಿಂತ ಚಿಕ್ಕ ದೋಣಿಗೆ ಒಡೆತನದ ಟೈಟಲ್ ಪತ್ರ ಕಡ್ಡಾಯವಲ್ಲ, ಆದ್ದರಿಂದ ನೋಂದಣಿ ಚೀಟಿಯಲ್ಲಿರುವ ಸಂಖ್ಯೆ ಮತ್ತು ಹೆಸರು ದೋಣಿಗೂ ಎದುರಿಗಿರುವ ವ್ಯಕ್ತಿಗೂ ಹೊಂದುತ್ತವೆಯೇ ಎಂದು ನೋಡಿ, ಎರಡೂ ಕಡೆಯವರು ಸಹಿ ಮಾಡಿದ ಮಾರಾಟದ ಚೀಟಿಯನ್ನು ಪಡೆಯುವುದು ಇಲ್ಲಿ ಇನ್ನೂ ಅಗತ್ಯ. ಟ್ರೇಲರಿನ ಪತ್ರ ಪ್ರತ್ಯೇಕ. ಹತ್ತು ವರ್ಷದೊಳಗಿನ ಮಕ್ಕಳು ಚಲಿಸುವ ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ತೊಟ್ಟಿರಲೇಬೇಕೆಂಬ ನಿಯಮವಿರುವುದರಿಂದ ಅವರ ಅಳತೆಯ ಅಂಗಿಗಳನ್ನು ಅದೇ ವಾರ ಕೊಳ್ಳಬೇಕು. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಂತೆ ತಡೆಯಲು, ರಸ್ತೆಯ ಮೇಲೆ ದೋಣಿಯನ್ನು ಸಾಗಿಸುವಾಗ ಹಿಂದಿನ ಬಿರಡೆಯನ್ನು ತೆಗೆದಿರಬೇಕೆಂದೂ ಈ ರಾಜ್ಯದ ಕಾನೂನು ಹೇಳುತ್ತದೆ. ಕೊಂಡ ದಿನ ಮನೆಗೆ ತರುವಾಗಲೂ ಅದು ಅನ್ವಯಿಸುತ್ತದೆ, ಮತ್ತು ಮರಳಿ ನೀರಿಗೆ ಇಳಿಸುವ ಮುನ್ನ ಅದೇ ಬಿರಡೆಯನ್ನು ಹಾಕಲು ನೆನಪಿರುವಂತೆ ಕಾರಿನ ಕೀಲಿಯ ಜೊತೆ ಕಟ್ಟಿಕೊಳ್ಳುವುದು ಇಲ್ಲಿನವರ ರೂಢಿ.